ಸುಲೋಚನಾ ಸೋತದ್ದು ಮಾತಿಗಲ್ಲ

ಮೂಕಿ ಚಿತ್ರಗಳ ಕಾಲದ ಸುಲೋಚನಾ ಅವರ ಬಗ್ಗೆ ಸಿನಿಮಾ ಪುಸ್ತಕಗಳು ಹೇಳುವುದು ಬಹುಮಟ್ಟಿಗೆ ಒಂದೇ ಕಥೆ. ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದ ಚೆಲುವೆ ಬಹುಬೇಗ ತಾರೆಯಾದರು, ಬಾಂಬೆಯ ಗವರ್ನರರಿಗಿಂತ ಹೆಚ್ಚು ಸಂಬಳ ಪಡೆದರು, ಟಾಕಿ ಬಂದಾಗ ಹಿಂದೂಸ್ತಾನಿ ಬಾರದೆ ಮರೆಯಾದರು. ಕೇಳಲು ಸೊಗಸಾದ ಕಥೆ. ಏರಿಗೂ ಇಳಿತಕ್ಕೂ ಕಾರಣ ಅದರಲ್ಲೇ ಸಿದ್ಧವಾಗಿದೆ. ಆದರೆ ಆಕೆಯ ಚಿತ್ರಗಳ ಪಟ್ಟಿಯನ್ನು ಇಸವಿಗಳ ಸಮೇತ ಮುಂದಿಟ್ಟುಕೊಂಡು ಕೂತರೆ ಈ ಕಥೆ ನಿಲ್ಲುವುದಿಲ್ಲ. ಭಾರತದ ಮೊದಲ ಟಾಕಿ ‘ಆಲಂ ಆರಾ’ ತೆರೆಕಂಡದ್ದು 1931ರ ಮಾರ್ಚ್ 14ರಂದು. ಅದಾದ ಐದು ವರ್ಷಗಳ ನಂತರವೂ ಸುಲೋಚನಾ ನಾಯಕಿಯಾಗಿಯೇ ಇದ್ದರು, ಅದೂ ತಮ್ಮ ಹಳೆಯ ಮೂಕಿ ಚಿತ್ರಗಳ ಟಾಕಿ ರೂಪಗಳಲ್ಲಿ. ಹಾಗಿದ್ದ ಮೇಲೆ ಮಾತು ಆಕೆಯನ್ನು ಸೋಲಿಸಿತು ಎನ್ನುವುದು ಹೇಗೆ?

ಕನ್ನಡದ ಓದುಗರು ಆ ಹೆಸರು ಕೇಳಿದೊಡನೆ 1934ರ ‘ಸತಿ ಸುಲೋಚನ’ ಚಿತ್ರವನ್ನೋ, ನಮ್ಮ ಚಿಕ್ಕೋಡಿ ಸೀಮೆಯ ಖಡಕಲಾಟದಲ್ಲಿ ಹುಟ್ಟಿ ಮರಾಠಿ, ಹಿಂದಿ ಚಿತ್ರಗಳಲ್ಲಿ ತಾಯಿಯಾಗಿ ಹೆಸರಾದ ಸುಲೋಚನಾ ಲಾಟ್ಕರ್ ಅವರನ್ನೋ ನೆನೆದಾರು. ಇವರು ಬೇರೆ. ಇವರ ಹುಟ್ಟುಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ, ಬಾಗ್ದಾದಿ ಯೆಹೂದಿ ಮೂಲದ ಕುಟುಂಬದಲ್ಲಿ ಹುಟ್ಟಿದವರು. ಟೆಲಿಫೋನ್ ಆಪರೇಟರ್ ಆಗಿದ್ದಾಗ ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ಅವರನ್ನು ಸಿನಿಮಾಕ್ಕೆ ಕರೆದರು. ರೂಬಿ ಮೊದಲು ಒಪ್ಪಲಿಲ್ಲ. ಸಿನಿಮಾದಲ್ಲಿ ನಟಿಸುವುದು ಮರ್ಯಾದಸ್ಥ ಹೆಂಗಸಿನ ಕೆಲಸವಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಭವನಾನಿ ಪಟ್ಟು ಬಿಡಲಿಲ್ಲ. 1925ರಲ್ಲಿ ‘ವೀರ್ ಬಾಲಾ’ ಬಂತು. ರೂಬಿ ಮೈಯರ್ಸ್ ಸುಲೋಚನಾ ಆದರು.

ಆ ಕಾಲದ ಅಂಜಿಕೆ ಎಷ್ಟಿತ್ತೆಂದು ತಿಳಿಯಲು ಹನ್ನೆರಡು ವರ್ಷ ಹಿಂದೆ ಹೋದರೆ ಸಾಕು. 1913ರಲ್ಲಿ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ಕೊನೆಗೆ ಸೀರೆ ಉಟ್ಟು ನಿಂತದ್ದು ಅಣ್ಣಾ ಸಾಳುಂಕೆ ಎಂಬ ಯುವಕ. 1917ರ ‘ಲಂಕಾ ದಹನ’ದಲ್ಲಿ ರಾಮನೂ ಸೀತೆಯೂ ಅದೇ ಸಾಳುಂಕೆ. ನಡುವೆ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿ ದಾರಿ ತೆರೆದರು, ನಿಜ. ಆದರೂ ಆ ದಾರಿಯಲ್ಲಿ ಬಂದವರು ಕೆಲವರೇ. ಮೇಲ್ಜಾತಿಯ ಹಿಂದೂ ಕುಟುಂಬಗಳೂ ಶ್ರೀಮಂತ ಮುಸ್ಲಿಂ ಕುಟುಂಬಗಳೂ ತಮ್ಮ ಹೆಣ್ಣುಮಕ್ಕಳನ್ನು ಕ್ಯಾಮೆರಾದ ಮುಂದೆ ಬಿಡಲು ತಯಾರಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದವರಲ್ಲಿ ಯೆಹೂದಿ, ಆಂಗ್ಲೋ ಇಂಡಿಯನ್ ಮನೆಗಳ ಹುಡುಗಿಯರು ಬಹಳ ಮಂದಿ. ರೆನೀ ಸ್ಮಿತ್ ಸೀತಾದೇವಿಯಾದರು, ಐರಿಸ್ ಗ್ಯಾಸ್ಪರ್ ಸಬಿತಾದೇವಿಯಾದರು. ಪೇಶೆನ್ಸ್ ಕೂಪರ್ ಮಾತ್ರ ಸ್ವಂತ ಹೆಸರಿನಲ್ಲೇ ಪ್ರಸಿದ್ಧರಾದರು. ಭಾರತೀಯ ಸಿನಿಮಾದ ಅಡಿಪಾಯ ಹಾಕಿದವರಲ್ಲಿ ಇವರೂ ಸೇರಿದ್ದಾರೆ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಚರಿತ್ರೆಗಳು ಇವರನ್ನು ಬೇರೆ ಯಾರೂ ಸಿಗದಿದ್ದಾಗ ಬಂದ ತಾತ್ಕಾಲಿಕ ಕೆಲಸಗಾರರೆಂಬಂತೆ ಕಾಣುತ್ತವೆ.

ಸುಲೋಚನಾ ತಾತ್ಕಾಲಿಕ ಆಗಿರಲಿಲ್ಲ. 1926ರಲ್ಲಿ ‘ಸಿನಿಮಾ ಕ್ವೀನ್’, ‘ಟೈಪಿಸ್ಟ್ ಗರ್ಲ್’, 1927ರಲ್ಲಿ ‘ಬಲಿದಾನ್’ ಮತ್ತು ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’, 1928ರಲ್ಲಿ ‘ಮಾಧುರಿ’ ಮತ್ತು ‘ಅನಾರ್ಕಲಿ’, 1929ರಲ್ಲಿ ‘ಇಂದಿರಾ ಬಿ.ಎ.’ ಈ ಹೆಸರುಗಳನ್ನೇ ಸ್ವಲ್ಪ ಹೊತ್ತು ನೋಡಿ. ಟೈಪಿಸ್ಟ್, ಸಿನಿಮಾ ನಟಿ, ಪದವೀಧರೆ. ಪುರಾಣದ ಸತಿಯರು ತುಂಬಿದ್ದ ತೆರೆಯ ಮೇಲೆ ಸಂಬಳಕ್ಕೆ ದುಡಿಯುವ, ಊರಿನ ಬೀದಿಯಲ್ಲಿ ಒಬ್ಬಳೇ ಓಡಾಡುವ, ಓದಿದ ಹೆಣ್ಣು ಬಂದು ನಿಂತಳು. ಆ ಹೆಣ್ಣು ಹೇಗಿರುತ್ತಾಳೆಂದು ಸುಲೋಚನಾ ಯಾರನ್ನೂ ಕೇಳಿ ತಿಳಿಯಬೇಕಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತು ದುಡಿದಿದ್ದ ಅವರು ಸ್ವತಃ ಅಂಥ ಹೆಣ್ಣಾಗಿದ್ದರು.

‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಆಕೆ ಎಂಟು ವೇಷಗಳಲ್ಲಿ ಕಾಣಿಸಿಕೊಂಡರು. ತೋಟದ ಮಾಲಿ, ಪೊಲೀಸ್ ಪೇದೆ, ಹೈದರಾಬಾದಿನ ಗೃಹಸ್ಥ, ಬೀದಿ ಹುಡುಗ, ಹೊಂಗೂದಲಿನ ಯುರೋಪಿಯನ್ ಹೆಂಗಸು, ಹೀಗೆ. ಸಾಳುಂಕೆ ರಾಮ ಸೀತೆ ಎರಡೂ ಆಗಿ ಹತ್ತು ವರ್ಷ ಕಳೆಯುವುದರೊಳಗೆ ಒಬ್ಬ ನಟಿ ಗಂಡಸರ ವೇಷ ಹಾಕಿ ಪ್ರೇಕ್ಷಕರನ್ನು ಒಪ್ಪಿಸಿದ್ದರು. ಇದು ಬರೀ ಚೆಲುವಿನಿಂದ ಆಗುವ ಕೆಲಸವಲ್ಲ. ನಡಿಗೆ, ಭುಜ ಹಿಡಿಯುವ ರೀತಿ, ಕಣ್ಣಿನ ಚಲನೆ ಎಲ್ಲವೂ ಬದಲಾಗಬೇಕು, ಒಂದು ಮಾತಿನ ಸಹಾಯವೂ ಇಲ್ಲದೆ. ಹಾಗಿದ್ದೂ ಆಕೆಯ ಬಗ್ಗೆ ಬರೆಯುವವರು ಕಂದುಗಣ್ಣು, ಬಿಳಿ ಮೈಬಣ್ಣಗಳ ವರ್ಣನೆಗೆ ನಿಂತುಬಿಡುತ್ತಾರೆ. ನಟನೆಯ ಮಾತು ಬರುವುದೇ ಇಲ್ಲ. ‘ಬಲಿದಾನ್’ ಚಿತ್ರ ಟ್ಯಾಗೋರರ ನಾಟಕವನ್ನು ಆಧರಿಸಿದ್ದು. ರಂಗಾಚಾರಿಯರ್ ಅಧ್ಯಕ್ಷತೆಯ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿ 1928ರ ತನ್ನ ವರದಿಯಲ್ಲಿ ಅದನ್ನು ಮೆಚ್ಚಿಕೊಂಡಿತ್ತು. ಅದೇ ಸಮಿತಿ ಊರೂರು ತಿರುಗಿ ಸಾಕ್ಷಿಗಳ ಹೇಳಿಕೆ ಪಡೆಯುವಾಗ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳಲ್ಲಿ ಒಂದು ಇದು: ಒಳ್ಳೆಯ ಮನೆತನದ, ಓದಿದ ಹೆಣ್ಣುಮಕ್ಕಳು ಸಿನಿಮಾಕ್ಕೆ ಬರುವಂತೆ ಮಾಡುವುದು ಹೇಗೆ? ಸುಲೋಚನಾ ಜನಪ್ರಿಯತೆಯ ತುದಿಯಲ್ಲಿದ್ದಾಗಲೇ ಈ ಪ್ರಶ್ನೆ ಕೇಳಲಾಗುತ್ತಿತ್ತು. ಆಕೆ ಆ ಎಣಿಕೆಯಲ್ಲಿ ಇರಲಿಲ್ಲ ಎಂದೇ ಇದರ ಅರ್ಥ.

ಸಂಬಳದ ದಂತಕಥೆಗೆ ಬರೋಣ. ತಿಂಗಳಿಗೆ ಐದು ಸಾವಿರ ರೂಪಾಯಿ, ಅಂದರೆ ಬಾಂಬೆ ಗವರ್ನರರಿಗಿಂತ ಹೆಚ್ಚು ಎಂಬುದು ಆಕೆಯ ಕುರಿತ ಪ್ರತಿ ಲೇಖನದಲ್ಲೂ ಇರುತ್ತದೆ. 1935ರ ಭಾರತ ಸರ್ಕಾರ ಕಾಯ್ದೆ ಬಾಂಬೆ ಗವರ್ನರರ ವಾರ್ಷಿಕ ಸಂಬಳವನ್ನು 1,20,000 ರೂಪಾಯಿ ಎಂದು ನಿಗದಿಮಾಡಿತ್ತು. ತಿಂಗಳಿಗೆ ಹತ್ತು ಸಾವಿರವಾಯಿತು. ಐದು ಸಾವಿರ ಅದರ ಅರ್ಧ. ಲೆಕ್ಕ ಇಷ್ಟು ಸುಲಭವಾಗಿದ್ದರೂ ಯಾರೂ ಮಾಡದೆ ಈ ಮಾತು ದಶಕಗಳಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಬಂದಿದೆ. ಐದು ಸಾವಿರವೂ ಆ ಕಾಲಕ್ಕೆ ಅಪಾರ ಹಣ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಬ್ಬ ನಟಿಯ ಹಿರಿಮೆಯನ್ನು ಹೇಳಲು ಆಕೆಯ ಅಭಿನಯದ ಬದಲು ಸಂಬಳವನ್ನೇ ನಾವು ಆರಿಸಿಕೊಂಡದ್ದು ಯಾಕೆ? ಬೆರಗಿನ ಜೊತೆಗೆ ಅದರಲ್ಲಿ ಒಂದು ಆಕ್ಷೇಪವೂ ಸೇರಿದೆ ಎಂದು ನನಗನಿಸುತ್ತದೆ. ಇಷ್ಟೊಂದು ಹಣ, ಇಂಥವಳಿಗೆ, ಇಂಥ ಕೆಲಸಕ್ಕೆ ಎಂಬ ಧ್ವನಿ ಅದರೊಳಗಿದೆ.

ಇನ್ನು ಟಾಕಿಯ ವಿಷಯ. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ತೆರೆಯ ಮೇಲಿನ ಬರಹವನ್ನು ಎರಡು ಮೂರು ಭಾಷೆಗಳಲ್ಲಿ ಹಾಕುತ್ತಿದ್ದರು, ಓದು ಬಾರದವರಿಗೆ ಓದಿ ಹೇಳುವವರಿರುತ್ತಿದ್ದರು. ಸುಲೋಚನಾ ಆಗ ಕೆಲಸ ಮಾಡುತ್ತಿದ್ದ, ಆರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಯ ಚಿತ್ರ ಕರಾಚಿಯಲ್ಲೂ ಮದ್ರಾಸಿನಲ್ಲೂ ಒಂದೇ ರೀತಿ ಓಡಬಹುದಿತ್ತು. ಮಾತು ಬಂದದ್ದೇ ತಡ ಇದೆಲ್ಲ ಬದಲಾಯಿತು. ಇರಾನಿ ‘ಆಲಂ ಆರಾ’ಕ್ಕೆ ತಮ್ಮದೇ ಕಂಪನಿಯ ದೊಡ್ಡ ತಾರೆಯನ್ನು ಬಿಟ್ಟು ಜುಬೇದಾ ಅವರನ್ನು ಆರಿಸಿದರು. ಸುಲೋಚನಾ ಅವರಿಗೆ ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಇಷ್ಟು ನಿಜ.

ಆದರೆ ಅದೇ ಚಿತ್ರದ ನಾಯಕನನ್ನು ನೋಡಿ. ಮಾಸ್ಟರ್ ವಿಠ್ಠಲ್ ಮೂಕಿ ಕಾಲದ ಸಾಹಸ ಚಿತ್ರಗಳ ದೊಡ್ಡ ಹೆಸರು. ಅವರಿಗೂ ಉರ್ದು ಉಚ್ಚಾರ ಒಗ್ಗಲಿಲ್ಲ. ಆಗ ಏನು ಮಾಡಿದರು? ನಾಯಕನನ್ನು ಬದಲಿಸಲಿಲ್ಲ, ಪಾತ್ರವನ್ನು ಬದಲಿಸಿದರು. ಚಿತ್ರದ ಬಹುಪಾಲು ಆತ ಮೈಮರೆತ ಸ್ಥಿತಿಯಲ್ಲಿ, ಮಾತಿಲ್ಲದೆ ಇರುವಂತೆ ಮಾಡಿದರು. ಒಂದೇ ಸ್ಟುಡಿಯೋ, ಒಂದೇ ಚಿತ್ರ, ಒಂದೇ ಕೊರತೆ. ಗಂಡಸಿಗಾಗಿ ಕಥೆ ಬಾಗಿತು, ಹೆಂಗಸು ಪಾತ್ರವನ್ನೇ ಕಳೆದುಕೊಂಡರು. ಮೊದಲ ಟಾಕಿಯಲ್ಲಿ ನಾಯಕಿ ಹಾಡಲೇಬೇಕಿತ್ತು, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ಹಿನ್ನೆಲೆ ಗಾಯನ 1935ರಲ್ಲೇ ಬಂದಾಯಿತು. ಮುಂದೆ ಬೇರೆಯವರ ದನಿಯಲ್ಲಿ ಮಾತಾಡಿದ ನಟಿಯರಿಗೆ ಲೆಕ್ಕವಿಲ್ಲ. ಕನ್ನಡ ಬಾರದ ನಾಯಕಿಯರಿಗೆ ಡಬ್ಬಿಂಗ್ ಕಲಾವಿದೆಯರು ದನಿ ಕೊಡುವುದು ನಮ್ಮ ಚಿತ್ರರಂಗದಲ್ಲಿ ದಿನನಿತ್ಯದ ಸಂಗತಿ. ದನಿಯ ಕೊರತೆಯೊಂದೇ ಒಬ್ಬ ನಟಿಯ ಬಾಳನ್ನು ಮುಗಿಸುವುದಿಲ್ಲ.

ಸುಲೋಚನಾ ಮಾಡಿದ್ದು ನೇರವಾದ ಕೆಲಸ. ಕೆಲಕಾಲ ನಟನೆಯಿಂದ ದೂರವಿದ್ದು ಹಿಂದೂಸ್ತಾನಿ ಕಲಿತರು. 1932ರಲ್ಲಿ ‘ಮಾಧುರಿ’ಯ ಟಾಕಿ ರೂಪದೊಂದಿಗೆ ಮರಳಿದರು. 1929ರ ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಗಿ ಬಂತು. ನಡುವೆ ನಾಯಕಿಯ ಓದೂ ಒಂದು ಮೆಟ್ಟಿಲು ಮೇಲೇರಿತ್ತು. 1935ರಲ್ಲಿ ‘ಅನಾರ್ಕಲಿ’, 1936ರಲ್ಲಿ ‘ಬಂಬಯಿ ಕಿ ಬಿಲ್ಲಿ’ ಎಂಬ ಹೆಸರಿನಲ್ಲಿ ಹಳೆಯ ‘ವೈಲ್ಡ್‌ಕ್ಯಾಟ್’. ದಿನ್‌ಶಾ ಬಿಲ್ಲಿಮೋರಿಯಾ ಜೊತೆಗಿನ ಅವರ ಜೋಡಿ ಮೂವತ್ತರ ದಶಕದ ಜನಪ್ರಿಯ ಜೋಡಿಗಳಲ್ಲಿ ಒಂದು. ರೂಬಿ ಪಿಕ್ಸ್ ಎಂಬ ಸ್ವಂತ ಕಂಪನಿಯನ್ನೂ ಕಟ್ಟಿದರು. ಇಪ್ಪತ್ತೈದನೆಯ ವಯಸ್ಸಿನ ಹೊತ್ತಿಗೆ ಹೊಸ ಭಾಷೆಯೊಂದನ್ನು ಕಲಿತು, ಅದರಲ್ಲಿ ನಟಿಸಿ, ಮಾರುಕಟ್ಟೆಯನ್ನು ಮರಳಿ ಗೆದ್ದವರನ್ನು ಮಾತು ಬಾರದೆ ಮರೆಯಾದವರೆಂದು ಬರೆಯುವುದು ಅನ್ಯಾಯ.

ಹಾಗಾದರೆ ಇಳಿತ ಯಾಕಾಯಿತು? ಒಂದು ಕಾರಣ ಕಣ್ಣಿಗೆ ಕಾಣುವಂಥದ್ದು. ಇಂಪೀರಿಯಲ್ ಕಂಪನಿ 1938ರಲ್ಲಿ ಮುಚ್ಚಿತು. ಆಗಿನ ತಾರೆಯರು ಸ್ಟುಡಿಯೋದ ತಿಂಗಳ ಸಂಬಳಗಾರರು. ಅವರಿಗೆ ಕಥೆ ಆರಿಸುವುದು, ಜೋಡಿ ಹೊಂದಿಸುವುದು, ಪ್ರಚಾರ ಮಾಡುವುದು ಎಲ್ಲ ಸ್ಟುಡಿಯೋದ ಕೆಲಸ. ಅದು ಹೋದಾಗ ಕಾಲಡಿಯ ನೆಲವೇ ಹೋದಂತೆ. ಬಿಲ್ಲಿಮೋರಿಯಾ ಕೂಡ ಆಮೇಲೆ ಮೊದಲಿನ ಎತ್ತರಕ್ಕೆ ಏರಲಿಲ್ಲ ಎಂಬುದನ್ನು ಮರೆಯದೆ ಹೇಳಬೇಕು. ಸುಲೋಚನಾ ಅವರಿಗಾಗಿದ್ದೆಲ್ಲ ಹೆಣ್ಣು ಎಂಬ ಕಾರಣಕ್ಕೇ ಆಯಿತು ಎಂದರೆ ಅದೂ ಅರ್ಧ ಸತ್ಯವಾದೀತು.

ಎರಡನೆಯ ಕಾರಣ ಇನ್ನೂ ಆಳದ್ದು, ಇದರ ಮೇಲೆಯೇ ನನ್ನ ವಾದ ನಿಂತಿದೆ. ಮೂವತ್ತರ ದಶಕದಲ್ಲಿ ತೆರೆಯ ಮೇಲಿನ ಹೆಣ್ಣು ಯಾರನ್ನು ಪ್ರತಿನಿಧಿಸಬೇಕು ಎಂಬುದೇ ಬದಲಾಗುತ್ತಿತ್ತು. ರಾಷ್ಟ್ರೀಯ ಚಳವಳಿ ಬೀದಿಗೆ ಬಂದಿತ್ತು, ಹೆಂಗಸರು ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗುತ್ತಿದ್ದರು. ನಾಯಕಿ ಎಂದರೆ ದೇಶದ ಮಗಳು ಎಂಬ ಭಾವನೆ ಬೆಳೆಯಿತು. ಇದರಲ್ಲಿ ಹೆಮ್ಮೆಪಡುವಂಥದ್ದು ಬಹಳವಿದೆ. ಆದರೆ ದೇಶದ ಮಗಳು ಯಾವ ಮನೆಯವಳಾಗಿರಬೇಕು ಎಂಬ ಪ್ರಶ್ನೆಗೆ ಚಿತ್ರರಂಗ ಕೊಟ್ಟ ಉತ್ತರ ಸಣ್ಣದಾಗಿತ್ತು. 1932ರಲ್ಲಿ ‘ಅಯೋಧ್ಯೇಚಾ ರಾಜಾ’ದಲ್ಲಿ ದುರ್ಗಾ ಖೋಟೆ ತಾರಾಮತಿಯಾದಾಗ ಮಾನವಂತ ಮನೆತನದ ಹೆಣ್ಣು ಕೊನೆಗೂ ಬಂದಳು ಎಂಬ ಸಂಭ್ರಮ ಎಲ್ಲೆಡೆ ಇತ್ತು. ಟ್ಯಾಗೋರ್ ಮನೆತನದ ನಂಟಿದ್ದ ದೇವಿಕಾ ರಾಣಿ ಬಂದಾಗಲೂ ಹಾಗೆಯೇ ಆಯಿತು. ಇಬ್ಬರೂ ದೊಡ್ಡ ಕಲಾವಿದೆಯರು. ಅವರ ಆಗಮನವನ್ನು ಕೊಂಡಾಡಿದ ರೀತಿಯಲ್ಲಿ, ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವಮಾನ ಸಹಿಸಿ ದುಡಿದ ಹೆಂಗಸರನ್ನು ಮಾನವಂತರ ಎಣಿಕೆಯಿಂದ ಹೊರಗಿಟ್ಟಂತಾಯಿತು, ಅಷ್ಟೆ.

ಕನ್ನಡದ ಮೊದಮೊದಲ ಸಿನಿಮಾ ಯತ್ನಗಳಲ್ಲಿ ಒಂದು ಇದಕ್ಕೆ ನೇರವಾಗಿ ಸಂಬಂಧಪಟ್ಟಿದೆ. ರೂಬಿ ಮೈಯರ್ಸ್ ಅವರನ್ನು ಸುಲೋಚನಾ ಮಾಡಿದ ಅದೇ ಮೋಹನ್ ಭವನಾನಿ, ಮೂಕಿ ಕಾಲದ ಕೊನೆಯಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂದು ಚಿತ್ರ ಮಾಡಿದರು. ಅದರಲ್ಲಿ ಏಣಾಕ್ಷಿ ರಾಮರಾವ್ ನಟಿಸಿದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದರು, ಟಿ.ಪಿ. ಕೈಲಾಸಂ ಕೂಡ ಇದ್ದರು. ಕಮಲಾದೇವಿಯವರ ಎದೆಗಾರಿಕೆ ದೊಡ್ಡದು. ಬಾಲವಿಧವೆಯಾಗಿದ್ದು ಮರುಮದುವೆಯಾದವರು, ಜಾತಿ ಮೀರಿದವರು, ಜೈಲು ಕಂಡವರು. ಸಿನಿಮಾಕ್ಕೆ ಬಂದದ್ದೂ ಆ ಎದೆಗಾರಿಕೆಯ ಒಂದು ಭಾಗವೇ. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ‘ವಸಂತಸೇನಾ’ದ ಕಥೆ ಗಣಿಕೆಯೊಬ್ಬಳದ್ದು. ಓದಿದ, ಕುಲೀನ ಹೆಂಗಸರು ಗಣಿಕೆಯ ಕಥೆಯಲ್ಲಿ ನಟಿಸಿದರೆ ಅದು ಕಲೆ. ಯೆಹೂದಿ ಮನೆಯ ದುಡಿಯುವ ಹುಡುಗಿ ಪದವೀಧರೆ ಇಂದಿರೆಯ ಪಾತ್ರ ಮಾಡಿದರೆ ಅದು ಷೋಕಿ. ಪಾತ್ರ ಯಾವುದೆಂದು ನೋಡಿ ಮರ್ಯಾದೆ ಕೊಡಲಿಲ್ಲ, ಮನೆ ಯಾವುದೆಂದು ನೋಡಿ ಕೊಟ್ಟರು.

ಈ ಮಾತಿಗೆ ಅನಾರ್ಕಲಿಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. 1928ರಲ್ಲಿ ಲಾಹೋರಿನ ಇಮ್ತಿಯಾಜ್ ಅಲಿ ತಾಜ್ ಅವರ ನಾಟಕವನ್ನು ಇನ್ನೊಂದು ಕಂಪನಿ ಸೀತಾದೇವಿಯವರನ್ನು ಇಟ್ಟುಕೊಂಡು ಅದ್ದೂರಿಯಾಗಿ ತೆಗೆಯುತ್ತಿತ್ತು. ಸುದ್ದಿ ತಿಳಿದ ಇಂಪೀರಿಯಲ್ ಆತುರಾತುರವಾಗಿ ಆರ್.ಎಸ್. ಚೌಧುರಿ ನಿರ್ದೇಶನದಲ್ಲಿ ಸುಲೋಚನಾ ಅವರ ‘ಅನಾರ್ಕಲಿ’ಯನ್ನು ಮೊದಲೇ ತೆರೆಗೆ ತಂದಿತು. ಗೆದ್ದದ್ದು ಇದೇ. ಅಕ್ಬರನ ಆಸ್ಥಾನದ ನರ್ತಕಿ ಎಂದರೆ ಸುಲೋಚನಾ ಎಂದಾಯಿತು. 1935ರಲ್ಲಿ ಮಾತಾಡುವ ಅನಾರ್ಕಲಿಯೂ ಅವರೇ. 1953ರಲ್ಲಿ ನಂದಲಾಲ್ ಜಸ್ವಂತ್‌ಲಾಲ್ ಮತ್ತೆ ‘ಅನಾರ್ಕಲಿ’ ತೆಗೆದರು. ನಾಯಕಿ ಬೀನಾ ರಾಯ್. ಸುಲೋಚನಾ ಅದರಲ್ಲೂ ಇದ್ದರು, ಸಲೀಮನ ತಾಯಿ ಜೋಧಾಬಾಯಿಯಾಗಿ. ನಲವತ್ತಾರನೆಯ ವಯಸ್ಸಿನಲ್ಲಿ ತಾಯಿಯ ಪಾತ್ರ ಮಾಡುವುದು ಕುಂದಲ್ಲ. ಆದರೆ ಇಂದು ಅನಾರ್ಕಲಿ ಎಂದೊಡನೆ ಬೀನಾ ರಾಯ್, ಅದಕ್ಕೂ ಮಿಗಿಲಾಗಿ ‘ಮುಘಲ್-ಎ-ಆಜಂ’ನ ಮಧುಬಾಲಾ ನೆನಪಾಗುತ್ತಾರೆ. ಆ ಪಾತ್ರಕ್ಕೆ ತೆರೆಯ ಮೇಲೆ ಮೊದಲು ಜನಪ್ರಿಯ ರೂಪ ಕೊಟ್ಟವರ ಹೆಸರು ಎಲ್ಲೂ ಕೇಳುವುದಿಲ್ಲ.

ಆಮೇಲಿನ ವರ್ಷಗಳು ಸಣ್ಣ ಪಾತ್ರಗಳವು. 1975ರ ‘ಜೂಲಿ’ ಆಂಗ್ಲೋ ಇಂಡಿಯನ್ ಕುಟುಂಬವೊಂದರ ಕಥೆ. ಅದರಲ್ಲಿ ಸುಲೋಚನಾ ಕೂಡ ಕಾಣಿಸಿಕೊಂಡರು. ನಾಯಕಿಯ ತಾಯಿ ಆಗಿದ್ದವರು ನಾದಿರಾ, ಇವರೂ ಬಾಗ್ದಾದಿ ಯೆಹೂದಿ ಮೂಲದವರೇ. ಇದಕ್ಕೂ ಮುಂಚೆ, 1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸುಲೋಚನಾ ಅವರಿಗೆ ಸಂದಿತು. ಆ ಪ್ರಶಸ್ತಿಯನ್ನು ಮೊದಲು ಪಡೆದವರು ದೇವಿಕಾ ರಾಣಿ, 1969ರ ಸಾಲಿಗೆ. ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಿಂದಾಗಿ ದೇವಿಕಾ ರಾಣಿಯವರ ಹೆಸರು ನಮ್ಮ ಪತ್ರಿಕೆಗಳಲ್ಲಿ ಈಗಲೂ ಓಡಾಡುತ್ತದೆ. ಆ ಪ್ರಶಸ್ತಿ ಪಡೆದ ಎರಡನೆಯ ಮಹಿಳೆ ಯಾರೆಂದು ಕೇಳಿದರೆ ಸಿನಿಮಾ ಬಲ್ಲವರೂ ತಡವರಿಸುತ್ತಾರೆ. ಸುಲೋಚನಾ 1983ರ ಅಕ್ಟೋಬರ್ 10ರಂದು ಮುಂಬೈಯಲ್ಲಿ ತೀರಿಕೊಂಡರು.

ಮರೆವಿಗೆ ಮತ್ತೊಂದು ಕಾರಣವಿದೆ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ತೀರಾ ಕಡಿಮೆ. ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ತಾನಾಗಿಯೇ ಕೊಳೆಯುತ್ತಿತ್ತು, ಅದರೊಳಗಿನ ಬೆಳ್ಳಿಗಾಗಿ ಜನ ಕರಗಿಸಿ ಮಾರುತ್ತಿದ್ದರು. ಟಾಕಿ ಬಂದ ಮೇಲೆ ಮೂಕಿ ಚಿತ್ರದ ಪ್ರತಿಗಳಿಗೆ ಬೆಲೆಯೇ ಇರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಪಿ.ಕೆ. ನಾಯರ್ ಊರೂರು ಅಲೆದು ಕೈಗೆ ಸಿಕ್ಕಿದ್ದನ್ನು ಉಳಿಸಿದರು, ಆದರೆ ಅಷ್ಟರಲ್ಲಿ ತಡವಾಗಿತ್ತು. ಸೀತಾದೇವಿ ನಟಿಸಿದ ‘ಪ್ರೇಮ್ ಸನ್ಯಾಸ್’, ‘ಶಿರಾಜ್’ ಚಿತ್ರಗಳನ್ನು ನಾವಿಂದು ನೋಡಬಹುದು, ಏಕೆಂದರೆ ಅವು ಯುರೋಪಿನ ಕಂಪನಿಗಳ ಜೊತೆ ತಯಾರಾಗಿ ಅಲ್ಲಿ ಪ್ರತಿಗಳು ಉಳಿದವು. ಪೂರ್ತಿ ಇಲ್ಲಿಯದೇ ಬಂಡವಾಳದಲ್ಲಿ, ಇಲ್ಲಿಯ ಜನಕ್ಕಾಗಿ ತಯಾರಾದ ಸುಲೋಚನಾ ಅವರ ಪ್ರಸಿದ್ಧ ಮೂಕಿ ಚಿತ್ರಗಳನ್ನು ನೋಡುವ ಭಾಗ್ಯ ನಮಗಿಲ್ಲ. ಎಂಟು ವೇಷಗಳ ಆ ಅಭಿನಯದ ಬಗ್ಗೆ ಓದಬಹುದು, ಕೆಲವು ಸ್ಥಿರಚಿತ್ರಗಳನ್ನು ನೋಡಬಹುದು, ಅಷ್ಟೆ. ದಂತಕಥೆಗಳು ಇಷ್ಟು ಬಲವಾಗಿ ಬೆಳೆದದ್ದಕ್ಕೂ ಇದೇ ಕಾರಣ ಇರಬೇಕು. ಇದು ಮುಂಬೈಯ ನಷ್ಟ ಮಾತ್ರವೂ ಅಲ್ಲ. ನಮ್ಮ ‘ವಸಂತಸೇನಾ’ ಉಳಿದಿಲ್ಲ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ದ ಪ್ರತಿಯೂ ಉಳಿದಿಲ್ಲ.

ಚಿತ್ರ ಹೋದ ಮೇಲೆ ಚರಿತ್ರೆಗೆ ಉಳಿಯುವ ಆಧಾರ ಕಾಗದ ಮಾತ್ರ. ಚಿತ್ರಮಂದಿರದ ಕರಪತ್ರ, ಹಾಡಿನ ಪುಸ್ತಕ, ಪತ್ರಿಕೆಯ ವಿಮರ್ಶೆ, ಭಿತ್ತಿಚಿತ್ರ, ಟೆಂಟ್ ಸಿನಿಮಾದವರ ಲೆಕ್ಕದ ಪುಸ್ತಕ. ಸುಲೋಚನಾ ಅವರಂಥ ನಟಿಯರ ಚಿತ್ರಗಳು ಯಾವ ಊರಿನಲ್ಲಿ ಎಷ್ಟು ವಾರ ಓಡಿದವು, ಅವರ ಬಗ್ಗೆ ಜನ ಏನೆಂದು ಬರೆದರು ಎಂಬುದನ್ನು ಇನ್ನು ಅವುಗಳಿಂದಲೇ ತಿಳಿಯಬೇಕು. ಹುಬ್ಬಳ್ಳಿ, ಬೆಳಗಾವಿಗಳು ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಅಂಥ ಕಾಗದಗಳು ಅಲ್ಲಿಯ ಹಳೆಯ ಮನೆಗಳಲ್ಲಿ, ಮುಚ್ಚಿದ ಚಿತ್ರಮಂದಿರಗಳ ಕೋಣೆಗಳಲ್ಲಿ ಇನ್ನೂ ಇರಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿ 1920, 1930ರ ದಶಕದ ಇಂಥ ಹಾಳೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಫೋಟೋ ತೆಗೆದಿಡಿ, ಪುಣೆಯ ಸಂಗ್ರಹಾಲಯಕ್ಕೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ತಿಳಿಸಿ.